ಬಾಲ್ಯದಲ್ಲಿ ಕ್ಯಾನ್ಸರ್‌ನಿಂದ ಗುಣಮುಖರಾದವರ ದೀರ್ಘಕಾಲೀನ ಆರೋಗ್ಯ ರಕ್ಷಣೆ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಮಕ್ಕಳಲ್ಲಿ ಕಾಣಿಸಿಕೊಳ್ಳುವ ಕ್ಯಾನ್ಸರ್ ಇಂದು ಬಹುಮಟ್ಟಿಗೆ ಗುಣಪಡಿಸಬಹುದಾದ ರೋಗವಾಗಿದೆ. ಶ್ರೀಮಂತ ರಾಷ್ಟ್ರಗಳಲ್ಲಿ ಈ ರೋಗಕ್ಕೆ ತುತ್ತಾದ ಮಕ್ಕಳ ಪೈಕಿ ಶೇ. 80ಕ್ಕೂ ಹೆಚ್ಚು ಮಕ್ಕಳು ಬದುಕುಳಿಯುತ್ತಿದ್ದಾರೆ. 2030ರ ವೇಳೆಗೆ ಜಗತ್ತಿನಾದ್ಯಂತ ಕನಿಷ್ಠ ಶೇ. 60ರಷ್ಟು ಮಕ್ಕಳಾದರೂ ಬದುಕುಳಿಯುವಂತಾಗಬೇಕೆಂಬ ಗುರಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಹಾಕಿಕೊಂಡಿದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯೂ ಸೇರಿದಂತೆ ರಾಜ್ಯದ ಹಲವು ಆಸ್ಪತ್ರೆಗಳಲ್ಲಿ ಬಾಲ್ಯದಲ್ಲಿ ಚಿಕಿತ್ಸೆ ಪಡೆದು ಗುಣಮುಖರಾದವರು ಇಂದು ಕಾಲೇಜುಗಳಲ್ಲಿ ಓದುತ್ತಿದ್ದಾರೆ, ಉದ್ಯೋಗದಲ್ಲಿದ್ದಾರೆ, ಸಂಸಾರಸ್ಥರಾಗಿದ್ದಾರೆ.

ಆದರೆ ರೋಗವು ಗುಣವಾದ ಮಾತ್ರಕ್ಕೆ ವೈದ್ಯಕೀಯ ನಿಗಾ ಮುಗಿಯಿತೆಂದು ಭಾವಿಸುವುದು ಸರಿಯಲ್ಲ. ಕ್ಯಾನ್ಸರ್ ಕೋಶಗಳನ್ನು ನಾಶಪಡಿಸಿದ ಔಷಧ ಮತ್ತು ವಿಕಿರಣಗಳು ಬೆಳೆಯುತ್ತಿರುವ ಮಗುವಿನ ಇತರ ಅಂಗಗಳ ಮೇಲೂ ಪರಿಣಾಮ ಬೀರಿರುತ್ತವೆ. ಈ ಪರಿಣಾಮಗಳು ಕೆಲವೊಮ್ಮೆ 10 ಅಥವಾ 20 ವರ್ಷಗಳ ನಂತರ ಕಾಣಿಸಿಕೊಳ್ಳುತ್ತವೆ. ಇವು ರೋಗವು ಮರುಕಳಿಸಿದ್ದರ ಲಕ್ಷಣಗಳಲ್ಲ. ಚಿಕಿತ್ಸೆಯ ತಡವಾದ ಪರಿಣಾಮಗಳು. ಸಕಾಲದಲ್ಲಿ ಪತ್ತೆಯಾದಲ್ಲಿ ಇವುಗಳಲ್ಲಿ ಹೆಚ್ಚಿನವುಗಳಿಗೆ ಪರಿಹಾರವಿದೆ.

ಈ ಪರಿಣಾಮಗಳು ಎಷ್ಟು ಸಾಮಾನ್ಯ?

ಉತ್ತರ ಅಮೆರಿಕದಲ್ಲಿ 1970ರಿಂದ 1986ರ ಅವಧಿಯಲ್ಲಿ ಕ್ಯಾನ್ಸರ್ ಪತ್ತೆಯಾಗಿ ಬದುಕುಳಿದ 10,397 ಮಂದಿಯ ಅಧ್ಯಯನದ ಫಲಿತಾಂಶವು 2006ರಲ್ಲಿ ಪ್ರಕಟವಾಯಿತು. ಅವರ ಸರಾಸರಿ ವಯಸ್ಸು ಸುಮಾರು 27 ವರ್ಷ. ಅವರ ಪೈಕಿ ಶೇ. 62ರಷ್ಟು ಮಂದಿಗೆ ಕನಿಷ್ಠ ಒಂದು ದೀರ್ಘಕಾಲೀನ ಆರೋಗ್ಯ ಸಮಸ್ಯೆ ಇರುವುದೂ, ಶೇ. 27ಕ್ಕೂ ಹೆಚ್ಚು ಮಂದಿಯಲ್ಲಿ ಅದು ತೀವ್ರ ಅಥವಾ ಜೀವಕ್ಕೆ ಅಪಾಯಕಾರಿ ಸ್ವರೂಪದ್ದಾಗಿರುವುದೂ ಕಂಡುಬಂದಿತು. ಅಂದಿನ ಚಿಕಿತ್ಸೆಗಿಂತ ಇಂದಿನ ಚಿಕಿತ್ಸೆಯು ಸುಧಾರಿಸಿದೆ. ರಕ್ತದ ಕ್ಯಾನ್ಸರ್‌ನಲ್ಲಿ ತಲೆಗೆ ವಿಕಿರಣ ನೀಡುವುದನ್ನು ಈಗ ಸಾಧ್ಯವಾದಷ್ಟು ತಪ್ಪಿಸಲಾಗುತ್ತದೆ. ಆದ್ದರಿಂದ ಸದರಿ ಅಂಕಿಅಂಶಗಳನ್ನು ಇಂದು ಗುಣಮುಖವಾಗುತ್ತಿರುವ ಪ್ರತಿ ಮಗುವಿಗೂ ಅನ್ವಯಿಸುವಂತಿಲ್ಲ. ಆದಾಗ್ಯೂ ದೀರ್ಘಕಾಲೀನ ನಿಗಾ ಏಕೆ ಅಗತ್ಯವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಚಿಕಿತ್ಸೆಗೆ ಅನುಗುಣವಾಗಿ ಪರಿಣಾಮ

ಮುಂದೆ ಯಾವ ತೊಂದರೆ ಉಂಟಾಗಬಹುದೆಂಬುದು ಮುಖ್ಯವಾಗಿ ಯಾವ ಔಷಧವನ್ನು ಒಟ್ಟು ಎಷ್ಟು ಪ್ರಮಾಣದಲ್ಲಿ ನೀಡಲಾಯಿತು, ದೇಹದ ಯಾವ ಭಾಗಕ್ಕೆ ವಿಕಿರಣ ನೀಡಲಾಯಿತು ಹಾಗೂ ಆಗ ಮಗುವಿನ ವಯಸ್ಸೆಷ್ಟು ಎಂಬ ಅಂಶಗಳನ್ನು ಅವಲಂಬಿಸಿರುತ್ತದೆ. ಪ್ರಮುಖವಾದವುಗಳು ಈ ಕೆಳಕಂಡಂತಿವೆ:

1. ಹೃದಯ: ಕೆಂಪು ಬಣ್ಣದ ಔಷಧಗಳಾದ ಡಾಕ್ಸೊರುಬಿಸಿನ್ ಮತ್ತು ಡೌನೊರುಬಿಸಿನ್ ಹೃದಯದ ಸ್ನಾಯುವನ್ನು ದುರ್ಬಲಗೊಳಿಸಬಹುದು. ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ಡಾಕ್ಸೊರುಬಿಸಿನ್‌ನ ಒಟ್ಟು ಪ್ರಮಾಣ 250 ಮಿಲಿಗ್ರಾಂ ತಲುಪಿದಲ್ಲಿ ಅಪಾಯ ಅಧಿಕ. ಎದೆಗೆ ವಿಕಿರಣವನ್ನೂ ಪಡೆದಿದ್ದಲ್ಲಿ ಅಪಾಯ ಇನ್ನೂ ಹೆಚ್ಚುತ್ತದೆ. ಇಂತಹವರು ಯಾವುದೇ ತೊಂದರೆ ಕಾಣದಿದ್ದರೂ ವೈದ್ಯರ ಸಲಹೆಯಂತೆ 2ರಿಂದ 5 ವರ್ಷಗಳಿಗೊಮ್ಮೆ ಎಕೋ ಪರೀಕ್ಷೆ ಮಾಡಿಸಿಕೊಳ್ಳುವುದು ಸೂಕ್ತ.

2. ಶ್ರವಣ ಮತ್ತು ಮೂತ್ರಪಿಂಡ: ಸಿಸ್‌ಪ್ಲಾಟಿನ್ ಔಷಧದಿಂದ ಮೊದಲು ಕುಂದುವುದು ತೀಕ್ಷ್ಣ ಧ್ವನಿಗಳನ್ನು ಕೇಳುವ ಶಕ್ತಿ. ಸ, ಷ ಮುಂತಾದ ಧ್ವನಿಗಳು ಮಗುವಿಗೆ ಸ್ಪಷ್ಟವಾಗಿ ಕೇಳಿಸದಿರಬಹುದು. ತರಗತಿಯಲ್ಲಿ ಇದನ್ನು ಅಲಕ್ಷ್ಯವೆಂದು ತಪ್ಪಾಗಿ ತಿಳಿಯುವ ಸಂಭವವಿದೆ. ಸಿಸ್‌ಪ್ಲಾಟಿನ್ ಮತ್ತು ಐಫೊಸ್ಫಮೈಡ್ ಔಷಧಗಳು ಮೂತ್ರಪಿಂಡಕ್ಕೂ ಹಾನಿಯುಂಟುಮಾಡಬಹುದು.

3. ಬೆಳವಣಿಗೆ ಮತ್ತು ಕಲಿಕೆ: ತಲೆಗೆ ವಿಕಿರಣ ಪಡೆದ ಮಕ್ಕಳಲ್ಲಿ ಬೆಳವಣಿಗೆಯ ಹಾರ್ಮೋನು ಕಡಿಮೆಯಾಗಿ ಎತ್ತರ ಕುಂಠಿತವಾಗಬಹುದು. ಏಕಾಗ್ರತೆ, ನೆನಪು ಹಾಗೂ ಲೆಕ್ಕ ಮಾಡುವ ವೇಗ ಕುಗ್ಗಬಹುದು. ಕುತ್ತಿಗೆಗೆ ವಿಕಿರಣ ಪಡೆದವರಲ್ಲಿ ಥೈರಾಯ್ಡ್ ಗ್ರಂಥಿಯ ಕಾರ್ಯ ತಗ್ಗಬಹುದು. ಇದನ್ನು ರಕ್ತಪರೀಕ್ಷೆಯಿಂದ ಪತ್ತೆಹಚ್ಚಿ, ಪ್ರತಿದಿನದ ಮಾತ್ರೆಯಿಂದ ಸರಿಪಡಿಸಲು ಸಾಧ್ಯವಿದೆ.

4. ಮೂಳೆ: ದೀರ್ಘಕಾಲ ಸ್ಟೀರಾಯ್ಡ್ ಪಡೆದವರಲ್ಲಿ ಮೂಳೆಗಳು ಬಲಹೀನವಾಗಬಹುದು, ಕೆಲವರಲ್ಲಿ ಸೊಂಟದ ಕೀಲಿಗೆ ರಕ್ತಸಂಚಾರ ಕುಂದಿ ನೋವು ಹಾಗೂ ಕುಂಟುನಡಿಗೆ ಉಂಟಾಗಬಹುದು.

5. ಸಂತಾನ ಸಾಮರ್ಥ್ಯ: ಸೈಕ್ಲೊಫಾಸ್ಫಮೈಡ್ ಮುಂತಾದ ಔಷಧಗಳು ಅಧಿಕ ಪ್ರಮಾಣದಲ್ಲಿ ಸಂತಾನ ಸಾಮರ್ಥ್ಯವನ್ನು ಕುಗ್ಗಿಸಬಹುದು.

6. ಎರಡನೆಯ ಕ್ಯಾನ್ಸರ್: ವಿಕಿರಣ ಪಡೆದ ಭಾಗದಲ್ಲಿ ಹಲವು ವರ್ಷಗಳ ನಂತರ ಬೇರೊಂದು ಕ್ಯಾನ್ಸರ್ ಉಂಟಾಗುವ ಸಂಭವ ಸ್ವಲ್ಪಮಟ್ಟಿಗೆ ಹೆಚ್ಚಿರುತ್ತದೆ. ಎದೆಗೆ ವಿಕಿರಣ ಪಡೆದ ಹೆಣ್ಣುಮಕ್ಕಳಿಗೆ ಸ್ತನ ತಪಾಸಣೆಯನ್ನು 25ನೆಯ ವಯಸ್ಸಿನಿಂದ ಅಥವಾ ವಿಕಿರಣ ಪಡೆದ 8 ವರ್ಷಗಳ ನಂತರದಿಂದ, ಇವೆರಡರಲ್ಲಿ ಯಾವುದು ತಡವೋ ಅಂದಿನಿಂದ, ಆರಂಭಿಸಲು ತಜ್ಞರು ಸಲಹೆ ನೀಡುತ್ತಾರೆ.

ಮೇಲ್ಕಂಡ ಎಲ್ಲ ತೊಂದರೆಗಳೂ ಎಲ್ಲರಿಗೂ ಬರುವುದಿಲ್ಲ. ಅನೇಕರಲ್ಲಿ ಯಾವ ತೊಂದರೆಯೂ ಕಾಣಿಸಿಕೊಳ್ಳುವುದಿಲ್ಲ. ಯಾರಿಗೆ ಯಾವ ಪರೀಕ್ಷೆ ಅಗತ್ಯವೆಂಬುದನ್ನು ಪಡೆದ ಚಿಕಿತ್ಸೆಯ ವಿವರದಿಂದ ಮಾತ್ರ ನಿರ್ಧರಿಸಲು ಸಾಧ್ಯ.

ಚಿಕಿತ್ಸಾ ಸಾರಾಂಶ: ಜೀವನಪರ್ಯಂತ ಕಾಯ್ದಿಡಬೇಕಾದ ದಾಖಲೆ

ಉದಾಹರಣೆಗೆ, 6ನೆಯ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರ್‌ನಿಂದ ಗುಣಮುಖಳಾದ ಬಾಲಕಿಯೊಬ್ಬಳು ಮದುವೆಯಾಗಿ, 24ನೆಯ ವಯಸ್ಸಿನಲ್ಲಿ ಗರ್ಭಿಣಿಯಾಗಿ ತಾಲ್ಲೂಕು ಆಸ್ಪತ್ರೆಗೆ ಬರುತ್ತಾಳೆಂದು ಭಾವಿಸೋಣ. ಬಾಲ್ಯದ ಕಾಯಿಲೆಯ ವಿಷಯ ಗಂಡನ ಮನೆಯವರಿಗೆ ತಿಳಿದಿಲ್ಲ. ಆಕೆಗೂ ಔಷಧದ ಹೆಸರು ನೆನಪಿಲ್ಲ. ಗರ್ಭಾವಸ್ಥೆಯಲ್ಲಿ ಹೃದಯದ ಮೇಲಿನ ಹೊರೆ ಹೆಚ್ಚುತ್ತದೆ. ಏದುಸಿರು ಮತ್ತು ಕಾಲಿನ ಬಾವು ಬಸಿರಿನಲ್ಲಿ ಸಾಮಾನ್ಯವಾಗಿರುವುದರಿಂದ, ಅವು ದುರ್ಬಲ ಹೃದಯದ ಲಕ್ಷಣಗಳಿರಬಹುದೆಂಬ ಸಂದೇಹ ಯಾರಿಗೂ ಬರುವುದಿಲ್ಲ. ಡೌನೊರುಬಿಸಿನ್ ನೀಡಿದ ಸಂಗತಿಯನ್ನು ತಿಳಿಸುವ ಒಂದು ಹಾಳೆ ವೈದ್ಯರ ಕೈಯಲ್ಲಿದ್ದಿದ್ದರೆ, ಆರಂಭದಲ್ಲಿಯೇ ಎಕೋ ಪರೀಕ್ಷೆ ಮಾಡಿಸಿ, ಹೆರಿಗೆಯನ್ನು ಹೃದ್ರೋಗ ತಜ್ಞರಿರುವ ಆಸ್ಪತ್ರೆಯಲ್ಲಿ ನಡೆಸಲು ಏರ್ಪಾಡು ಮಾಡಬಹುದಾಗಿತ್ತು.

ಈ ಕಾರಣದಿಂದ ಚಿಕಿತ್ಸೆ ಪೂರ್ಣಗೊಂಡ ಕೂಡಲೇ ಪೋಷಕರು ಆಸ್ಪತ್ರೆಯಿಂದ ಚಿಕಿತ್ಸಾ ಸಾರಾಂಶವನ್ನು ಕೇಳಿ ಪಡೆಯತಕ್ಕದ್ದು. ಅದರಲ್ಲಿ ಈ ಕೆಳಕಂಡ ವಿವರಗಳಿರಬೇಕು:

(ಅ) ರೋಗದ ಹೆಸರು ಮತ್ತು ಪತ್ತೆಯಾದ ದಿನಾಂಕ
(ಆ) ನೀಡಲಾದ ಪ್ರತಿ ಔಷಧದ ಹೆಸರು ಹಾಗೂ ಒಟ್ಟು ಪ್ರಮಾಣ
(ಇ) ವಿಕಿರಣ ನೀಡಿದ ಭಾಗ ಮತ್ತು ಪ್ರಮಾಣ
(ಈ) ಶಸ್ತ್ರಚಿಕಿತ್ಸೆ, ಅಸ್ಥಿಮಜ್ಜೆ ಕಸಿ ಮತ್ತು ರಕ್ತಪೂರಣದ ವಿವರ
(ಉ) ಚಿಕಿತ್ಸೆ ಮುಕ್ತಾಯಗೊಂಡ ದಿನಾಂಕ
(ಊ) ಮುಂದೆ ಮಾಡಿಸಬೇಕಾದ ಪರೀಕ್ಷೆಗಳು ಮತ್ತು ಅವುಗಳ ಅವಧಿ

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೊಂದಿದೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡತೆ ವಿನಿಯಮಗಳ ಪ್ರಕಾರ, ಒಳರೋಗಿಗಳ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನಾಂಕದಿಂದ 3 ವರ್ಷಗಳವರೆಗೆ ಇಟ್ಟುಕೊಳ್ಳುವುದು ವೈದ್ಯರ ಕರ್ತವ್ಯ. ರೋಗಿ ಅಥವಾ ಅಧಿಕೃತ ಪೋಷಕರು ಕೋರಿದಲ್ಲಿ 72 ಗಂಟೆಗಳೊಳಗಾಗಿ ದಾಖಲೆಗಳನ್ನು ಒದಗಿಸಬೇಕು. ಆದರೆ ರಕ್ತದ ಕ್ಯಾನ್ಸರ್‌ನ ಚಿಕಿತ್ಸೆಯೇ ಎರಡರಿಂದ ಮೂರು ವರ್ಷಗಳವರೆಗೆ ನಡೆಯುತ್ತದೆ. ಅದರ ಪರಿಣಾಮವು ಕಾಣಿಸಿಕೊಳ್ಳುವುದು ಅದಕ್ಕೂ ಎಷ್ಟೋ ವರ್ಷಗಳ ನಂತರ. ಆ ವೇಳೆಗೆ ಹಳೆಯ ಕಡತವು ಆಸ್ಪತ್ರೆಯಲ್ಲಿ ಲಭ್ಯವಿರುತ್ತದೆಂದು ನಂಬಿ ಕೂರುವಂತಿಲ್ಲ. ಆದುದರಿಂದ ದಾಖಲೆಯನ್ನು ಕಾಲವಿಳಂಬವಿಲ್ಲದೆ ಪಡೆದು, ಶಾಲಾ ಅಂಕಪಟ್ಟಿ ಮತ್ತು ಜನನ ಪ್ರಮಾಣಪತ್ರದೊಂದಿಗೆ ಭದ್ರವಾಗಿಡಬೇಕು. ಅದರ ನಕಲನ್ನು ಮೊಬೈಲಿನಲ್ಲಿಯೂ ಇಟ್ಟುಕೊಳ್ಳುವುದು ಒಳಿತು.

ನಿಗಾ ಚಿಕಿತ್ಸಾಲಯಗಳು

ಗುಣಮುಖರಾದ ಮಕ್ಕಳ ತಡವಾದ ಪರಿಣಾಮಗಳಿಗಾಗಿಯೇ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 1991ರಲ್ಲಿ ಪ್ರತ್ಯೇಕ ಚಿಕಿತ್ಸಾಲಯವೊಂದು ಆರಂಭವಾಯಿತು. ಇಂತಹ ಪ್ರತ್ಯೇಕ ವ್ಯವಸ್ಥೆ ಸಮೀಪದಲ್ಲಿ ಇಲ್ಲದವರು ತಾವು ಚಿಕಿತ್ಸೆ ಪಡೆದ ಆಸ್ಪತ್ರೆಯ ಮಕ್ಕಳ ಕ್ಯಾನ್ಸರ್ ವಿಭಾಗಕ್ಕೆ ವರ್ಷಕ್ಕೊಮ್ಮೆ ಭೇಟಿ ನೀಡಬೇಕು. ವಯಸ್ಕರಾದ ನಂತರ ಜಿಲ್ಲಾ ಆಸ್ಪತ್ರೆಯಲ್ಲಿ ಅಥವಾ ಕುಟುಂಬ ವೈದ್ಯರಲ್ಲಿ, ಚಿಕಿತ್ಸಾ ಸಾರಾಂಶವನ್ನು ತೋರಿಸಿ ಪರೀಕ್ಷೆಗಳನ್ನು ಮುಂದುವರಿಸಬಹುದು.

ಶಿಕ್ಷಕರು ಮತ್ತು ಪೋಷಕರ ಗಮನಕ್ಕೆ

ಕ್ಯಾನ್ಸರ್ ಅಂಟುರೋಗವಲ್ಲ. ಚಿಕಿತ್ಸೆ ಮುಗಿಸಿ ಮರಳಿದ ಮಗುವನ್ನು ಪ್ರತ್ಯೇಕವಾಗಿ ಕೂರಿಸುವುದು ಸರಿಯಲ್ಲ. ಮಗುವು ಓದಿನಲ್ಲಿ ಹಿಂದೆ ಬಿದ್ದಲ್ಲಿ ಅಥವಾ ಕರೆದಾಗ ಓಗೊಡದಿದ್ದಲ್ಲಿ ಶ್ರವಣ, ದೃಷ್ಟಿ ಮತ್ತು ಕಲಿಕೆಯ ಪರೀಕ್ಷೆ ಮಾಡಿಸುವಂತೆ ಪೋಷಕರಿಗೆ ತಿಳಿಸಬೇಕು. ಶ್ರವಣದೋಷ, ದೃಷ್ಟಿದೋಷ, ಚಲನ ವೈಕಲ್ಯ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆಗಳು ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ವ್ಯಾಪ್ತಿಗೆ ಒಳಪಡುತ್ತವೆ. ವೈಕಲ್ಯವು ಶೇ. 40 ಅಥವಾ ಅದಕ್ಕೂ ಹೆಚ್ಚೆಂದು ಪ್ರಮಾಣೀಕರಿಸಲ್ಪಟ್ಟಲ್ಲಿ, 6ರಿಂದ 18 ವರ್ಷದೊಳಗಿನ ಮಗುವು ಉಚಿತ ಶಿಕ್ಷಣದ ಹಕ್ಕನ್ನು ಹೊಂದಿರುತ್ತದೆ.

ಮದುವೆ ಮತ್ತು ಸಂತಾನ

ಬಾಲ್ಯದ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಆನುವಂಶಿಕವಲ್ಲ. ಗುಣಮುಖರಾದವರಿಗೆ ಹುಟ್ಟುವ ಮಕ್ಕಳಿಗೆ ತಂದೆತಾಯಿಯ ಕಾರಣದಿಂದಲೇ ಕ್ಯಾನ್ಸರ್ ಬರುತ್ತದೆಂಬ ನಂಬಿಕೆಗೆ ಸಾಮಾನ್ಯವಾಗಿ ಆಧಾರವಿಲ್ಲ. ಎರಡೂ ಕಣ್ಣುಗಳಿಗೆ ಬರುವ ರೆಟಿನೊಬ್ಲಾಸ್ಟೋಮದಂತಹ ಕೆಲವು ಆನುವಂಶಿಕ ಕ್ಯಾನ್ಸರ್‌ಗಳು ಇದಕ್ಕೆ ಅಪವಾದ; ಅಂತಹ ಸಂದರ್ಭದಲ್ಲಿ ಮಗು ಹುಟ್ಟಿದ ಕೂಡಲೇ ಕಣ್ಣಿನ ತಪಾಸಣೆ ಅವಶ್ಯಕ.

ಮದುವೆಗೆ ಅಡ್ಡಿಯಾಗುವುದೆಂಬ ಭಯದಿಂದ ಕೆಲವು ಕುಟುಂಬಗಳು ಕಾಯಿಲೆಯ ವಿಷಯವನ್ನು ಮುಚ್ಚಿಡುವುದಲ್ಲದೆ ದಾಖಲೆಗಳನ್ನೂ ನಾಶಪಡಿಸುತ್ತವೆ. ಬಂಧುಗಳಿಗೆ ಏನು ತಿಳಿಸಬೇಕೆಂಬುದು ಆಯಾ ಕುಟುಂಬದ ವಿವೇಚನೆಗೆ ಬಿಟ್ಟದ್ದು. ಆದರೆ ಗುಣಮುಖರಾದ ಮಗನಿಗೆ ಅಥವಾ ಮಗಳಿಗೆ ತಿಳಿವಳಿಕೆ ಬಂದ ಮೇಲೆ ಸತ್ಯ ಸಂಗತಿಯನ್ನು ತಿಳಿಸಿ, ದಾಖಲೆಯನ್ನು ಅವರ ಕೈಗೆ ಒಪ್ಪಿಸುವುದು ಪೋಷಕರ ಕರ್ತವ್ಯ. ಗರ್ಭಿಣಿಯಾದಲ್ಲಿ ತಾಯಿ ಕಾರ್ಡ್ ಮಾಡಿಸುವಾಗಲೇ ಈ ವಿಷಯವನ್ನು ವೈದ್ಯರಿಗೆ ತಿಳಿಸತಕ್ಕದ್ದು.

ಅನುಸರಿಸಬೇಕಾದ ಇತರ ಕ್ರಮಗಳು

• ಬೀಡಿ, ಸಿಗರೇಟು, ಗುಟ್ಕಾ ಮತ್ತು ಮದ್ಯದಿಂದ ದೂರವಿರುವುದು.
• ದೇಹದ ತೂಕ, ರಕ್ತದೊತ್ತಡ ಮತ್ತು ಸಕ್ಕರೆಯ ಅಂಶವನ್ನು ಹತೋಟಿಯಲ್ಲಿಡುವುದು.
• ಚಿಕಿತ್ಸೆಯ ನಂತರ ಪುನಃ ಹಾಕಿಸಬೇಕಾದ ಲಸಿಕೆಗಳ ಬಗ್ಗೆ ವೈದ್ಯರಲ್ಲಿ ವಿಚಾರಿಸುವುದು.
• ರಕ್ತ ಪಡೆದವರು ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಮಾಡಿಸಿಕೊಳ್ಳುವುದು. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಇದರ ಪರೀಕ್ಷೆ ಮತ್ತು ಚಿಕಿತ್ಸೆ ಉಚಿತ.
• ಭಯ, ನಿದ್ರಾಹೀನತೆ ಅಥವಾ ಖಿನ್ನತೆ ಕಂಡುಬಂದಲ್ಲಿ ಸಂಕೋಚಪಡದೆ ಮನೋವೈದ್ಯರನ್ನು ಕಾಣುವುದು.

ಕ್ಯಾನ್ಸರ್‌ನಿಂದ ಗುಣಮುಖರಾದ ಮಕ್ಕಳು ಇತರರಂತೆಯೇ ಓದಿ, ದುಡಿದು, ಸಂಸಾರ ನಡೆಸಲು ಅರ್ಹರು. ಇಂತಹ ಮಕ್ಕಳಿರುವ ಕುಟುಂಬಗಳು ಚಿಕಿತ್ಸಾ ಸಾರಾಂಶವನ್ನು ಈವರೆಗೆ ಪಡೆಯದೇ ಇದ್ದಲ್ಲಿ, ಚಿಕಿತ್ಸೆ ನೀಡಿದ ಆಸ್ಪತ್ರೆಗೆ ಕೂಡಲೇ ಲಿಖಿತ ಮನವಿ ಸಲ್ಲಿಸಿ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.