ಬೆಳಕಿಗೆ ಬೆನ್ನು ಹಾಕಿ ಕೂರಿಸಿ

ನಿಮ್ಮ ಮನೆಯ ಆಲ್ಬಮನ್ನು ಒಮ್ಮೆ ತೆರೆದು ನೋಡಿ. ಮದುವೆಯ ಫೋಟೋಗಳಿವೆ, ಮಕ್ಕಳ ಶಾಲೆಯ ಫೋಟೋಗಳಿವೆ. ನಿಮ್ಮ ಅಜ್ಜಿಯ ಫೋಟೋ ಎಷ್ಟಿವೆ? ಅನೇಕ ಮನೆಗಳಲ್ಲಿ ಹಿರಿಯ ಹೆಂಗಸರ ಫೋಟೋ ಎಂದರೆ ರೇಷನ್ ಕಾರ್ಡಿಗೋ ಗುರುತಿನ ಚೀಟಿಗೋ ತೆಗೆಸಿದ್ದು ಮಾತ್ರ. ಅದರಲ್ಲಿ ಮುಖವೇನೋ ಇದೆ. ಆದರೆ ನಮ್ಮನ್ನು ಎತ್ತಿ ಆಡಿಸಿದ ಅಜ್ಜಿ ಅದರಲ್ಲಿಲ್ಲ. ಆಕೆ ಹೋದ ಮೇಲೆ ಆ ಚಿಕ್ಕ ಚಿತ್ರವನ್ನೇ ದೊಡ್ಡದು ಮಾಡಿಸಲು ಸ್ಟುಡಿಯೋಕ್ಕೆ ಓಡುತ್ತೇವೆ.

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಫೋಟೋಗಳಿಗೇನೂ ಬರವಿಲ್ಲ. ಆದರೂ ಮಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಫ್ಲ್ಯಾಶ್ ಹಾಕಿ ತೆಗೆದರೆ ಮುಖ ಚಪ್ಪಟೆಯಾಗುತ್ತದೆ, ಕೂದಲು ಕಪ್ಪು ಟೋಪಿ ಇಟ್ಟಂತೆ ಕಾಣುತ್ತದೆ. ಇದಕ್ಕೆ ಸುಲಭವಾದ ಪರಿಹಾರವೊಂದಿದೆ. ಅದುವೇ ಹಿಂಬೆಳಕು.

ಕೂದಲು ಏಕೆ ಹೊಳೆಯುತ್ತದೆ?

ಕಪ್ಪು ಕೂದಲು ಎದುರಿನಿಂದ ಬಿದ್ದ ಬೆಳಕನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಹಿನ್ನೆಲೆಯೂ ಕಪ್ಪಾಗಿದ್ದರೆ ತಲೆ ಎಲ್ಲಿ ಮುಗಿಯಿತೆಂದೇ ತಿಳಿಯುವುದಿಲ್ಲ. ಬೆಳಕು ಹಿಂದಿನಿಂದ ಬಂದಾಗ ಹಾಗಲ್ಲ. ತಲೆಯ ಅಂಚಿನಲ್ಲಿರುವ ಬಿಡಿ ಎಳೆಗಳು ಬೆಳಕನ್ನು ಚದುರಿಸಿ ಕ್ಯಾಮರಾದ ಕಡೆಗೆ ಕಳುಹಿಸುತ್ತವೆ. ತಲೆಯ ಸುತ್ತ ಹೊಳೆಯುವ ಗೆರೆಯೊಂದು ಮೂಡುತ್ತದೆ. ಮದರಂಗಿ ಹಚ್ಚಿದ ಕೂದಲು ಕೆಂಪಾಗಿ, ನರೆಗೂದಲು ಬೆಳ್ಳಿಯಂತೆ ಕಾಣುವುದು ಈ ಬೆಳಕಿನಲ್ಲಿಯೇ.

ಹೀಗೆ ಮಾಡಿ

ಅಸರ್ ನಮಾಝಿನ ಬಳಿಕ ಬಿಸಿಲು ಓರೆಯಾಗುತ್ತದೆ. ಮಗ್ರಿಬ್‌ಗೆ ಸುಮಾರು ಒಂದು ಗಂಟೆ ಇರುವಾಗ ಅಂಗಳದಲ್ಲಿ ಒಂದು ಕುರ್ಚಿ ಹಾಕಿ. ಕೂರುವವರ ಬೆನ್ನು ಸೂರ್ಯನ ಕಡೆಗಿರಲಿ. ಸೂರ್ಯ ನೇರ ಹಿಂದಿರುವುದಕ್ಕಿಂತ ಒಂದು ಪಕ್ಕಕ್ಕೆ ಸ್ವಲ್ಪ ಸರಿದಿದ್ದರೆ ಒಳ್ಳೆಯದು.

ಇನ್ನು ಹಿನ್ನೆಲೆ. ತಲೆಯ ಹಿಂದೆ ಆಕಾಶ ಬಂದರೆ ಹೊಳೆಯುವ ಗೆರೆ ಅದರಲ್ಲಿ ಕರಗಿಹೋಗುತ್ತದೆ. ಮರದ ನೆರಳೋ ತೋಟದ ಕತ್ತಲೆಯೋ ಹಿಂದೆ ಬರುವಂತೆ ನೀವೇ ನಾಲ್ಕು ಹೆಜ್ಜೆ ಅತ್ತಿತ್ತ ಸರಿಯಿರಿ.

ಎಣ್ಣೆ ಹಚ್ಚಿ ಬಿಗಿದು ಕಟ್ಟಿದ ಕೂದಲಲ್ಲಿ ಈ ಅಂದ ಕಾಣದು. ತೊಳೆದು ಒಣಗಿಸಿ, ಸಡಿಲವಾಗಿ ಬಾಚಿರಲಿ.

ಮುಖ ಕಪ್ಪಾಗುವುದೇ?

ಆಗುತ್ತದೆ. ಹೆಚ್ಚಿನವರು ಸೋಲುವುದು ಇಲ್ಲಿಯೇ. ಹಿಂದಿನ ಬೆಳಕನ್ನು ಕಂಡು ಕ್ಯಾಮರಾ ಇಡೀ ಚಿತ್ರವನ್ನು ಮಬ್ಬಾಗಿಸುತ್ತದೆ. ಮೊಬೈಲಿನ ಪರದೆಯ ಮೇಲೆ ಮುಖವಿರುವಲ್ಲಿ ಬೆರಳಿನಿಂದ ಒತ್ತಿರಿ, ಅದು ಮುಖಕ್ಕೆ ತಕ್ಕಂತೆ ಬೆಳಕನ್ನು ಹೊಂದಿಸಿಕೊಳ್ಳುತ್ತದೆ. ಜೊತೆಗೆ ಒಂದು ಬಿಳಿ ಬೆಡ್‌ಶೀಟನ್ನು ಕೂತವರ ಎದುರಿಗೆ ಮೂರು ನಾಲ್ಕು ಅಡಿ ದೂರದಲ್ಲಿ, ಫೋಟೋದಲ್ಲಿ ಕಾಣದಂತೆ ಹಿಡಿಯಲು ಯಾರಿಗಾದರೂ ಹೇಳಿ. ಅದಕ್ಕೆ ಬಡಿದ ಬಿಸಿಲು ಮರಳಿ ಮುಖದ ಮೇಲೆ ತಿಳಿಯಾಗಿ ಬೀಳುತ್ತದೆ. ಲೆನ್ಸಿಗೆ ಬಿಸಿಲು ನೇರವಾಗಿ ಬಿದ್ದರೆ ಚಿತ್ರ ಮಂಜು ಕವಿದಂತಾಗುತ್ತದೆ. ಒಂದು ಕೈಯನ್ನು ಲೆನ್ಸಿನ ಮೇಲ್ಗಡೆ ಅಡ್ಡ ಹಿಡಿದರೆ ಸಾಕು.

ನಲವತ್ತೆಂಟರಲ್ಲಿ ಕಲಿತಾಕೆ

ಇದೆಲ್ಲ ನಮ್ಮಂತಹ ಗೃಹಿಣಿಯರಿಗಲ್ಲ ಎನ್ನಬೇಡಿ. 1815ರಲ್ಲಿ ಕೋಲ್ಕತ್ತಾದಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮರೂನ್‌ಗೆ ಮೊದಲ ಕ್ಯಾಮರಾ ಸಿಕ್ಕಿದ್ದು 1863ರಲ್ಲಿ, 48ನೇ ವಯಸ್ಸಿನಲ್ಲಿ. ಮಗಳು ಮತ್ತು ಅಳಿಯ ಕೊಟ್ಟ ಉಡುಗೊರೆ ಅದು. ಇಂಗ್ಲೆಂಡಿನ ವೈಟ್ ದ್ವೀಪದಲ್ಲಿದ್ದ ಮನೆಯ ಕೋಳಿಗೂಡನ್ನೇ ಆಕೆ ಸ್ಟುಡಿಯೋ ಮಾಡಿಕೊಂಡರು. 1867ರಲ್ಲಿ ಖಗೋಳ ವಿಜ್ಞಾನಿ ಜಾನ್ ಹರ್ಷಲ್‌ರ ಫೋಟೋ ತೆಗೆಯುವ ಮುನ್ನ ಅವರ ಬಿಳಿಗೂದಲನ್ನು ತೊಳೆಸಿ ಕೆದರಿಸಿದರು, ಬೆಳಕು ಎಳೆಗಳಲ್ಲಿ ನಿಲ್ಲಲೆಂದು. ಅಲ್ಲಿ ಬೆಳಕು ಬಿದ್ದದ್ದು ಹಿಂದಿನಿಂದಲ್ಲ. ಆದರೆ ಕಪ್ಪು ಹಿನ್ನೆಲೆಯಲ್ಲಿ ಎದ್ದು ಕಾಣುವ ಆ ನರೆಗೂದಲು 75 ವರ್ಷದ ಆ ಬಾಳನ್ನು ಮುಚ್ಚಿಡುವುದಿಲ್ಲ. ಪ್ರಾಯವನ್ನು ಅಡಗಿಸುವುದೇ ಅಂದವಲ್ಲ ಎಂಬುದನ್ನು ಆಕೆ ಅರಿತಿದ್ದರು.

ಒಂದು ಎಚ್ಚರಿಕೆ

ತಲೆ ತೆರೆದ ಫೋಟೋ ಮನೆಯೊಳಗಿನದು. ತೆಗೆಯುವ ಮುನ್ನ ಅವರನ್ನು ಕೇಳಿ, ತೆಗೆದ ಬಳಿಕ ಗ್ರೂಪುಗಳಿಗೆ ಕಳುಹಿಸಬೇಡಿ. ಒಮ್ಮೆ ಕೈಬಿಟ್ಟ ಚಿತ್ರ ಮರಳಿ ಬರುವುದಿಲ್ಲ. ಅಜ್ಜಿ ತಲೆಯ ಬಟ್ಟೆ ತೆಗೆಯಲು ಒಪ್ಪದಿದ್ದರೆ ಒತ್ತಾಯ ಬೇಡ. ತೆಳುವಾದ ಬಿಳಿ ದುಪಟ್ಟಾದ ಅಂಚೂ ಹಿಂಬೆಳಕಿಗೆ ಕೂದಲಿನಷ್ಟೇ ಚೆನ್ನಾಗಿ ಹೊಳೆಯುತ್ತದೆ.

ಇಂದು ಸಂಜೆ ಬಿಸಿಲಿದ್ದರೆ ಅಜ್ಜಿಯನ್ನು ಅಂಗಳಕ್ಕೆ ಕರೆಯಿರಿ. ಮೊಮ್ಮಕ್ಕಳು ಪಕ್ಕದಲ್ಲಿ ಕುಳಿತು ಮಾತಿಗೆಳೆಯಲಿ. ಆಕೆ ನಗುವಾಗ ಒತ್ತಿರಿ. ಒಂದು ಪ್ರತಿಯನ್ನು ಕಾಗದದಲ್ಲಿ ಮುದ್ರಿಸಿ ಆಲ್ಬಮಿನಲ್ಲಿಡಿ. ಮೊಬೈಲ್ ಹಾಳಾಗಬಹುದು, ಆಲ್ಬಮ್ ಉಳಿಯುತ್ತದೆ. ನಾಳೆಗೆಂದು ಮುಂದೂಡಬೇಡಿ.