ಕಾರಿಗೆ ಜ್ವರ ಬಂದಾಗ

ಘಾಟಿಯ ತಿರುವುಗಳಲ್ಲಿ ಬಾನೆಟ್ ಎತ್ತಿ ನಿಂತ ಕಾರನ್ನು ಕಾಣದ ಪ್ರಯಾಣಿಕರು ವಿರಳ. ಮುಂಭಾಗದಿಂದ ಆವಿ ಏಳುತ್ತಿರುತ್ತದೆ. ಒಳಗಿದ್ದವರೆಲ್ಲ ಕೆಳಗಿಳಿದು ಮರದ ನೆರಳು ಹಿಡಿದಿರುತ್ತಾರೆ. ನೆರೆದವರಲ್ಲಿ ಒಬ್ಬರಾದರೂ "ರೇಡಿಯೇಟರ್ ಕೆಟ್ಟಿದೆ" ಎಂದು ತೀರ್ಪು ಕೊಟ್ಟೇ ಕೊಡುತ್ತಾರೆ. ಈ ತೀರ್ಪು ಅನೇಕ ಸಲ ಅವಸರದ್ದು. ಜ್ವರವು ತಾನೇ ರೋಗವಲ್ಲ, ರೋಗದ ಲಕ್ಷಣ ಎನ್ನುತ್ತಾರೆ ವೈದ್ಯರು. ಎಂಜಿನ್ನು ಮಿತಿಮೀರಿ ಕಾಯುವುದೂ ಹಾಗೆಯೇ. ಕಾರಣವನ್ನು ಸರಿಯಾಗಿ ಗುರುತಿಸದೆ ಹೊಸ ರೇಡಿಯೇಟರ್ ಹಾಕಿಸಿದರೆ ಹಣವೂ ಹೋಗುತ್ತದೆ, ಜ್ವರವೂ ಉಳಿಯುತ್ತದೆ. ಯೂರೋಪಿನ ಕಾರುಗಳಲ್ಲಿ ಬಿಡಿಭಾಗಗಳ ಬೆಲೆ ಹೆಚ್ಚಾದುದರಿಂದ ಈ ಮಾತನ್ನು ಇನ್ನಷ್ಟು ಗಮನಿಸಬೇಕು.

ಮೊದಲು ಈ ಶಾಖ ಎಲ್ಲಿಂದ ಬರುತ್ತದೆಂದು ನೋಡೋಣ. ಸಿಲಿಂಡರಿನೊಳಗೆ ಇಂಧನ ಉರಿಯುವಾಗ ಅಲ್ಲಿನ ಅನಿಲದ ಉಷ್ಣತೆ 2000 ಡಿಗ್ರಿ ಸೆಂಟಿಗ್ರೇಡನ್ನೂ ಮೀರುತ್ತದೆ. ಎಂಜಿನ್ನಿನ ತಲೆಭಾಗವನ್ನು ಮಾಡಿರುವ ಅಲ್ಯೂಮಿನಿಯಂ ಲೋಹವಾದರೋ ಸುಮಾರು 660 ಡಿಗ್ರಿಗೇ ಕರಗುವಂಥದು. ಪೆಟ್ರೋಲಿನ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೆಯ ಒಂದು ಪಾಲು ಮಾತ್ರ ಗಾಡಿಯನ್ನು ಓಡಿಸುತ್ತದೆ; ಇನ್ನೊಂದು ಪಾಲು ಹೊಗೆಯ ಕೊಳವೆಯಿಂದ ಹೊರಟುಹೋಗುತ್ತದೆ; ಉಳಿದದ್ದರಲ್ಲಿ ಬಹುಪಾಲನ್ನು ತಂಪುಗೊಳಿಸುವ ನೀರು ಹೊತ್ತುಕೊಂಡು ಹೋಗಿ ಗಾಳಿಗೆ ಒಪ್ಪಿಸಬೇಕು. ಒಪ್ಪಿಸುವ ಜಾಗವೇ ರೇಡಿಯೇಟರ್.

ಮೋಟಾರು ಹುಟ್ಟಿದ ಕಾಲದಲ್ಲಿ ಈ ವ್ಯವಸ್ಥೆ ಇರಲಿಲ್ಲ. ಜರ್ಮನಿಯ ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟು ಪಡೆದ ಮೂರು ಚಕ್ರದ ಗಾಡಿಯಲ್ಲಿ ನೀರು ಕುದಿದು ಆವಿಯಾಗಿ ಹೋಗುವುದರಿಂದಲೇ ಎಂಜಿನ್ನು ತಂಪಾಗುತ್ತಿತ್ತು. 1888ರಲ್ಲಿ ಅವನ ಪತ್ನಿ ಬರ್ತಾ ಬೆಂಜ್ ತನ್ನ ಇಬ್ಬರು ಗಂಡುಮಕ್ಕಳೊಡನೆ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ವರೆಗೆ ಸುಮಾರು 100 ಕಿಲೋಮೀಟರ್ ಪಯಣಿಸಿದಾಗ, ದಾರಿಯುದ್ದಕ್ಕೂ ಮತ್ತೆ ಮತ್ತೆ ನೀರು ತುಂಬಬೇಕಾಯಿತು. ಈ ತೊಂದರೆಗೆ ಒಳ್ಳೆಯ ಪರಿಹಾರ ಕಂಡವನು ವಿಲ್ಹೆಲ್ಮ್ ಮೈಬಾಖ್. 1901ರ ಮರ್ಸಿಡಿಸ್ ಗಾಡಿಗೆ ಅವನು ಜೇನುಗೂಡಿನಂಥ ರೇಡಿಯೇಟರನ್ನು ರಚಿಸಿದ. 6 ಮಿಲಿಮೀಟರ್ ಚೌಕದ 8070 ಪುಟ್ಟ ಕೊಳವೆಗಳನ್ನು ಬೆಸುಗೆ ಹಾಕಿ ಜೋಡಿಸಿದ ಆ ರಚನೆಯಲ್ಲಿ ಗಾಳಿ ಕೊಳವೆಗಳೊಳಗೆ ನುಗ್ಗುತ್ತಿತ್ತು, ನೀರು ಅವುಗಳ ಸಂದಿನಲ್ಲಿ ಹರಿಯುತ್ತಿತ್ತು. ಕೇವಲ 9 ಲೀಟರ್ ನೀರಿನಲ್ಲಿ ಕೆಲಸ ಸಾಗಿತು. ಗಾಳಿಗೂ ನೀರಿಗೂ ನಡುವೆ ತೆಳುವಾದ ಲೋಹದ ಗೋಡೆಯನ್ನು ಆದಷ್ಟು ವಿಸ್ತಾರವಾಗಿ ಹರಡುವ ಆ ತತ್ತ್ವವೇ ಇಂದಿಗೂ ನಡೆದುಬಂದಿದೆ.

ಈಗಿನ ಕಾರಿನಲ್ಲಿ ನೀರು ಸಾಗುವ ದಾರಿ ಹೀಗಿದೆ. ಪಂಪು ನೀರನ್ನು ಎಂಜಿನ್ನಿನ ಸುತ್ತ ತಳ್ಳುತ್ತದೆ. ಎಂಜಿನ್ನು ತಣ್ಣಗಿರುವಾಗ ಥರ್ಮೋಸ್ಟಾಟ್ ಎಂಬ ಬಾಗಿಲು ಮುಚ್ಚಿದ್ದು, ನೀರು ರೇಡಿಯೇಟರಿಗೆ ಹೋಗದೆ ಒಳಗೇ ಸುತ್ತುತ್ತದೆ. ಅನೇಕ ಕಾರುಗಳಲ್ಲಿ ಸುಮಾರು 90 ಡಿಗ್ರಿಗೆ ಅದರೊಳಗಿನ ಮೇಣ ಕರಗಿ ಹಿಗ್ಗಿ ಬಾಗಿಲು ತೆರೆಯುತ್ತದೆ. ಆಗ ಬಿಸಿನೀರು ರಬ್ಬರ್ ಪೈಪಿನ ಮೂಲಕ ರೇಡಿಯೇಟರಿಗೆ ಬಂದು, ತಂಪಾಗಿ, ಮತ್ತೆ ಎಂಜಿನ್ನಿಗೆ ಮರಳುತ್ತದೆ. ಗಾಡಿ ಓಡುವಾಗ ಎದುರುಗಾಳಿಯೇ ಸಾಕು. ನಿಂತಾಗ ಫ್ಯಾನು ಗಾಳಿಯನ್ನು ಎಳೆದುಕೊಡುತ್ತದೆ. ಪಂಪು, ಬಾಗಿಲು, ಪೈಪು, ರೇಡಿಯೇಟರ್, ಫ್ಯಾನು, ಮುಚ್ಚಳ ಈ ಆರರಲ್ಲಿ ಯಾವುದು ಕೆಟ್ಟರೂ ಎಂಜಿನ್ನು ಕಾಯುತ್ತದೆ.

ಮುಚ್ಚಳವೂ ಇವುಗಳಲ್ಲಿ ಒಂದೇ ಎಂದು ಆಶ್ಚರ್ಯವಾಗಬಹುದು. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ; ಬೆಂಗಳೂರಿನ ಎತ್ತರದಲ್ಲಿ ಸುಮಾರು 97ಕ್ಕೇ ಕುದಿಯುತ್ತದೆ. ಅಡುಗೆಮನೆಯ ಪ್ರೆಷರ್ ಕುಕ್ಕರಿನಲ್ಲಿ ಒತ್ತಡದ ಕಾರಣ ಅದೇ ನೀರು ಸುಮಾರು 120 ಡಿಗ್ರಿಯವರೆಗೆ ಕುದಿಯದೆ ಕಾಯುವುದು ಗೃಹಿಣಿಯರಿಗೆ ಗೊತ್ತಿರುವ ಸಂಗತಿಯೇ. ರೇಡಿಯೇಟರಿನ ಮುಚ್ಚಳ ಮಾಡುವುದೂ ಇದನ್ನೇ. ಅದರ ಸ್ಪ್ರಿಂಗು ಸಡಿಲವಾದರೆ ಒತ್ತಡ ನಿಲ್ಲುವುದಿಲ್ಲ, ನೀರು ಬೇಗ ಕುದಿಯುತ್ತದೆ. ಅಗ್ಗದ ಈ ಮುಚ್ಚಳವನ್ನು ಪರೀಕ್ಷಿಸದೆ ದುಬಾರಿ ಭಾಗಗಳನ್ನು ಬಿಚ್ಚುವುದು ಸಲ್ಲದು.

ಇದರಿಂದಲೇ ಮೊದಲನೆಯ ನಿಯಮವೂ ಹುಟ್ಟುತ್ತದೆ: ಬಿಸಿ ಎಂಜಿನ್ನಿನ ಮುಚ್ಚಳವನ್ನು ಎಂದಿಗೂ ತೆರೆಯಬೇಡಿ. ಒಲೆಯ ಮೇಲೆ ಉಗಿ ತುಂಬಿರುವ ಕುಕ್ಕರನ್ನು ಯಾರೂ ಬಲವಂತವಾಗಿ ತೆರೆಯುವುದಿಲ್ಲವಷ್ಟೆ. ಮುಚ್ಚಳ ಸಡಿಲವಾದೊಡನೆ ಒತ್ತಡ ಇಳಿದು, ಒಳಗಿನ ನೀರು ಒಮ್ಮೆಲೇ ಕುದಿದು, ಮುಖ ಕೈಗಳ ಮೇಲೆ ಚಿಮ್ಮುತ್ತದೆ. ಮೇಲಿನ ರಬ್ಬರ್ ಪೈಪನ್ನು ಮುಟ್ಟಿದರೆ ಅದು ತಣ್ಣಗೆ, ಮೆತ್ತಗೆ ಇರಬೇಕು. ಅಲ್ಲಿಯವರೆಗೆ ಕಾಯುವುದೇ ಜಾಣತನ. ಇನ್ನೊಂದು ಎಚ್ಚರಿಕೆಯೂ ಉಂಟು. ಎಂಜಿನ್ನು ನಿಲ್ಲಿಸಿದ ಮೇಲೂ ಅನೇಕ ಯೂರೋಪಿಯನ್ ಕಾರುಗಳಲ್ಲಿ ವಿದ್ಯುತ್ ಫ್ಯಾನು ತಾನಾಗಿ ತಿರುಗತೊಡಗುವುದುಂಟು. ಅದರ ಬಳಿಗೆ ಬೆರಳು ಚಾಚಬಾರದು.

ಇನ್ನು ನಿದಾನಕ್ಕೆ ಬರೋಣ. ಒಳ್ಳೆಯ ಮೆಕ್ಯಾನಿಕ್ ಮೊದಲು ಕೈಗೆ ಸ್ಪ್ಯಾನರ್ ತೆಗೆದುಕೊಳ್ಳುವುದಿಲ್ಲ, "ಯಾವಾಗ ಕಾಯುತ್ತದೆ?" ಎಂದು ಕೇಳುತ್ತಾನೆ. ಇದಕ್ಕೆ ಉತ್ತರ ಹೇಳಬಲ್ಲವರು ಗಾಡಿಯನ್ನು ಓಡಿಸುವವರು ಮಾತ್ರ. ಉತ್ತರ ಸರಿಯಾಗಿದ್ದರೆ ಅರ್ಧ ಕೆಲಸ ಮುಗಿದಂತೆಯೇ.

ಪೇಟೆಯ ಸಂದಣಿಯಲ್ಲಿ, ಸಿಗ್ನಲ್ಲಿನಲ್ಲಿ ನಿಂತಾಗ ಕಾಯುತ್ತದೆ, ಹೆದ್ದಾರಿಗೆ ಬಂದೊಡನೆ ತಂಪಾಗುತ್ತದೆ ಎಂದಾದರೆ, ಮೊದಲ ಸಂಶಯ ಫ್ಯಾನಿನ ಮೇಲೆ. ಫ್ಯೂಸು, ರಿಲೇ, ಫ್ಯಾನನ್ನು ಚಾಲೂ ಮಾಡುವ ಉಷ್ಣತೆಯ ಸ್ವಿಚ್ಚು, ಮೋಟಾರು ಇವನ್ನು ಒಂದಾದಮೇಲೊಂದು ನೋಡಬೇಕು. ಬಹಳಷ್ಟು ಕಾರುಗಳಲ್ಲಿ ಹವಾನಿಯಂತ್ರಣವನ್ನು ಹಾಕಿದ ಕೂಡಲೆ ಫ್ಯಾನು ತಿರುಗಬೇಕು; ಆಗ ತಿರುಗಿ ಎಂಜಿನ್ನು ಕಾದಾಗ ಮಾತ್ರ ತಿರುಗದಿದ್ದರೆ ಮೋಟಾರು ಸರಿಯಾಗಿದೆ, ತಪ್ಪು ಸ್ವಿಚ್ಚಿನಲ್ಲೋ ತಂತಿಯಲ್ಲೋ ಇದೆ ಎಂದು ಊಹಿಸಬಹುದು.

ಪೇಟೆಯಲ್ಲಿ ಸರಿಯಾಗಿದ್ದು, ಹೆದ್ದಾರಿಯ ವೇಗದಲ್ಲಿ ಅಥವಾ ಏರುದಾರಿಯಲ್ಲಿ ಕಾಯುವುದಾದರೆ, ಆಗ ರೇಡಿಯೇಟರಿನ ಮೇಲೆಯೇ ಅನುಮಾನ ಪಡಬೇಕು. ಶಾಖ ಹೆಚ್ಚು ಹುಟ್ಟುತ್ತಿದೆ, ಹೊರಹೋಗುವ ದಾರಿ ಕಿರಿದಾಗಿದೆ ಎಂದು ಇದರ ಅರ್ಥ. ಮೊದಲು ಹೊರಗಿನಿಂದ ನೋಡಿ: ಹವಾನಿಯಂತ್ರಣದ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಣ ಸಂದಿನಲ್ಲಿ ಎಲೆ, ಧೂಳು, ಸತ್ತ ಹುಳುಗಳು ಸೇರಿ ಕಂಬಳಿಯಂತೆ ಹೊದ್ದಿರುವುದುಂಟು. ಎಂಜಿನ್ನಿನ ಕಡೆಯಿಂದ ಹೊರಕ್ಕೆ, ಮೆಲ್ಲನೆ ಹರಿಯುವ ನೀರಿನಿಂದ ತೊಳೆದರೆ ಅದು ಕಳಚಿಬರುತ್ತದೆ. ರಭಸದ ನೀರು ಹೊಡೆದರೆ ತೆಳುವಾದ ರೆಕ್ಕೆಗಳು ಮಡಚಿಕೊಳ್ಳುತ್ತವೆ. ಹೊರಗೆ ಶುಚಿಯಾಗಿದ್ದರೆ ಒಳಗಿನ ಕೊಳವೆಗಳು ಕಟ್ಟಿರಬಹುದು. ಗ್ಯಾರೇಜಿನಲ್ಲಿ ಉಷ್ಣತೆ ಅಳೆಯುವ ಉಪಕರಣವನ್ನು ರೇಡಿಯೇಟರಿನ ಮೈಮೇಲೆ ಹಿಡಿದು ನೋಡುತ್ತಾರೆ. ಶಾಖ ಒಂದೇ ಸಮನೆ ಇಳಿಯುತ್ತ ಹೋಗದೆ, ನಡುವೆ ಅಲ್ಲಲ್ಲಿ ತಣ್ಣನೆಯ ಪಟ್ಟಿಗಳು ಸಿಕ್ಕರೆ ಅಲ್ಲಿ ನೀರು ಹರಿಯುತ್ತಿಲ್ಲವೆಂದು ತಿಳಿಯಬೇಕು.

ಎಲ್ಲಿ ಓಡಿಸಿದರೂ, ಹೊರಟ ಕೆಲವೇ ನಿಮಿಷಗಳಲ್ಲಿ ಕಾಯುವುದಾದರೆ ಥರ್ಮೋಸ್ಟಾಟಿನ ಬಾಗಿಲು ಮುಚ್ಚಿಯೇ ನಿಂತಿರಬಹುದು. ಎಂಜಿನ್ನು ಕುದಿಯುವಂತಿದ್ದರೂ ರೇಡಿಯೇಟರಿನ ಕೆಳಗಿನ ಪೈಪು ತಣ್ಣಗಿರುವುದು ಇದರ ಗುರುತು. ಬಿಚ್ಚಿದ ಸಾಮಾನ್ಯ ಥರ್ಮೋಸ್ಟಾಟನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಅಡುಗೆಗೆ ಬಳಸದ ಪಾತ್ರೆಯಲ್ಲಿ ನೀರು ಕಾಯಿಸಿ, ಅದನ್ನು ತೂಗುಬಿಟ್ಟು, ಜೊತೆಗೆ ಉಷ್ಣಮಾಪಕ ಇಟ್ಟರೆ, ಅದರ ಮೇಲೆ ಒತ್ತಿರುವ ಅಂಕಿಯ ಆಸುಪಾಸಿನಲ್ಲಿ ಬಾಗಿಲು ತೆರೆಯಬೇಕು. ಪಂಪು ಕೆಟ್ಟರೂ ಇಂಥದೇ ಲಕ್ಷಣ ಕಾಣುತ್ತದೆ. 1990ರ ದಶಕದಿಂದೀಚೆಗೆ ಕೆಲವು ಯೂರೋಪಿಯನ್ ಎಂಜಿನ್ನುಗಳ ಪಂಪಿನೊಳಗಿನ ಚಕ್ರವನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡಿದ್ದರು. ವರ್ಷಗಳ ಮೇಲೆ ಅದು ಸೀಳಿ, ಅಕ್ಷ ತಿರುಗಿದರೂ ಚಕ್ರ ತಿರುಗದೆ ಉಳಿಯುವುದುಂಟು. ಹೊರಗಿನಿಂದ ಪಂಪು ಸರಿಯಾಗಿಯೇ ಕಾಣುತ್ತದೆ!

ಇದಕ್ಕೆ ತಿರುಗುಮುರುಗಾಗಿ, ಎಷ್ಟು ದೂರ ಹೋದರೂ ಮುಳ್ಳು ಮೇಲೇರದಿದ್ದರೆ ಥರ್ಮೋಸ್ಟಾಟ್ ತೆರೆದೇ ನಿಂತಿದೆ ಎಂದರ್ಥ. ತಂಪಾಗಿದೆಯಲ್ಲ ಎಂದು ಸಂತೋಷಪಡಬೇಕಾಗಿಲ್ಲ; ಇಂಧನ ಹೆಚ್ಚು ಖರ್ಚಾಗುತ್ತದೆ, ಎಂಜಿನ್ನೂ ಸವೆಯುತ್ತದೆ.

ಎರಡನೆಯ ಪ್ರಶ್ನೆ: ನೀರಿನ ಮಟ್ಟ ಇಳಿಯುತ್ತಿದೆಯೇ? ಯೂರೋಪಿಯನ್ ಕಾರುಗಳಲ್ಲಿ ಸಾಮಾನ್ಯವಾಗಿ ಒಂದು ಅರೆಪಾರದರ್ಶಕ ಪ್ಲಾಸ್ಟಿಕ್ ತೊಟ್ಟಿಯಿದ್ದು, ಅದರ ಮೇಲೆ ಕನಿಷ್ಠ, ಗರಿಷ್ಠ ಎಂಬ ಎರಡು ಗೆರೆಗಳಿರುತ್ತವೆ. ಬೆಳಿಗ್ಗೆ ಎಂಜಿನ್ನು ತಣ್ಣಗಿರುವಾಗ ನೋಡಿದರೆ ಮಟ್ಟ ಇವೆರಡರ ನಡುವೆ ಇರಬೇಕು. ಪದೇ ಪದೇ ಇಳಿಯುತ್ತಿದ್ದರೆ ಎಲ್ಲೋ ಸೋರಿಕೆಯಿದೆ. ಒಣಗಿದ ಬಣ್ಣದ ಕಲೆ ಅಥವಾ ಬಿಳಿಯ ಹಕ್ಕಳೆ ಕಂಡ ಜಾಗವೇ ಸುಳಿವು. ರೇಡಿಯೇಟರಿನ ಪ್ಲಾಸ್ಟಿಕ್ ತೊಟ್ಟಿಯೂ ಅಲ್ಯೂಮಿನಿಯಂ ಮೈಯೂ ಕೂಡುವ ಅಂಚು, ಪೈಪುಗಳ ತುದಿ, ಪಂಪಿನ ಕೆಳಗಿನ ಚಿಕ್ಕ ರಂಧ್ರ, ಪ್ಲಾಸ್ಟಿಕ್ ತೊಟ್ಟಿಯ ಹೊಲಿಗೆ ಇವು ಪರೀಕ್ಷಿಸಬೇಕಾದ ಜಾಗಗಳು. ಕಾರಿನೊಳಗೆ ಸಿಹಿಯಾದ ವಾಸನೆ, ಕಾಲಡಿಯ ಹಾಸು ಒದ್ದೆ, ಗಾಜಿನ ಮೇಲೆ ಜಿಡ್ಡಾದ ಮಂಜು ಇದ್ದರೆ, ಒಳಗನ್ನು ಬೆಚ್ಚಗಿಡುವ ಹೀಟರಿನ ಪುಟ್ಟ ರೇಡಿಯೇಟರ್ ಸೋರುತ್ತಿದೆ. ಏನೂ ಕಾಣದಿದ್ದರೆ ತಣ್ಣಗಿರುವ ಎಂಜಿನ್ನಿಗೆ ಕೈಪಂಪಿನಿಂದ, ಮುಚ್ಚಳದ ಮೇಲೆ ನಮೂದಿಸಿದಷ್ಟೇ ಒತ್ತಡ ಕೊಟ್ಟು ಹತ್ತು ಹದಿನೈದು ನಿಮಿಷ ಬಿಡುತ್ತಾರೆ. ಮುಳ್ಳು ಇಳಿದರೆ ಸೋರಿಕೆ ಖಚಿತ.

ಹೊರಗೆಲ್ಲೂ ತೇವವಿಲ್ಲ, ಆದರೂ ನೀರು ಮಾಯವಾಗುತ್ತಿದೆ, ಹೊಗೆ ಬೆಳ್ಳಗಿದೆ, ಎಣ್ಣೆ ಹಾಲು ಬೆರೆತಂತೆ ಕಾಣುತ್ತಿದೆ ಎಂದಾದರೆ ವಿಷಯ ಗಂಭೀರ. ಸಿಲಿಂಡರಿನ ತಲೆಯ ಕೆಳಗಿರುವ ಗ್ಯಾಸ್ಕೆಟ್ ಸುಟ್ಟು, ಉರಿದ ಅನಿಲ ನೀರಿಗೆ ಸೇರುತ್ತಿರಬಹುದು. ತೊಟ್ಟಿಯ ಮೇಲಣ ಗಾಳಿಯನ್ನು ಒಂದು ನೀಲಿ ದ್ರವದ ಮೂಲಕ ಹಾಯಿಸಿ ನೋಡುವ ಪರೀಕ್ಷೆಯಿದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಅದು ಹಳದಿಗೆ ತಿರುಗಿದರೆ ಸಂಶಯ ನಿಜವಾದಂತೆ. ಚಿಕ್ಕ ಸೋರಿಕೆಯನ್ನು ಅಲಕ್ಷಿಸಿ ಓಡಿಸಿದವರು ಕೊನೆಗೆ ತಲುಪುವುದು ಈ ದೊಡ್ಡ ಖರ್ಚಿಗೇ.

ಉಷ್ಣತೆಯ ಮುಳ್ಳನ್ನೂ ಪೂರ್ಣವಾಗಿ ನಂಬುವಂತಿಲ್ಲ. ಹಲವು ಆಧುನಿಕ ಕಾರುಗಳಲ್ಲಿ ನಿಜವಾದ ಉಷ್ಣತೆ ಸಾಕಷ್ಟು ಏರಿಳಿದರೂ ಮುಳ್ಳು 90ರಲ್ಲಿಯೇ ಅಲುಗದೆ ನಿಲ್ಲುವಂತೆ ಏರ್ಪಡಿಸಿರುತ್ತಾರೆ. ಅದು ಕೆಂಪಿನತ್ತ ಸರಿಯುವ ಹೊತ್ತಿಗೆ ಬಹಳ ತಡವಾಗಿರುತ್ತದೆ. ನೀರೆಲ್ಲ ಸೋರಿಹೋಗಿ ಸಂವೇದಕ ಬರಿಯ ಗಾಳಿಯಲ್ಲಿದ್ದರಂತೂ ಮುಳ್ಳು ಸುಳ್ಳನ್ನೇ ಹೇಳಬಹುದು.

ದುರಸ್ತಿಯ ವಿಚಾರ. ಹಿಂದಿನ ತಾಮ್ರ, ಹಿತ್ತಾಳೆಯ ರೇಡಿಯೇಟರುಗಳಲ್ಲಿ ಮೇಲಿನ ತೊಟ್ಟಿಯನ್ನು ಬಿಚ್ಚಿ, ಕೊಳವೆಗಳಲ್ಲಿ ಸಲಾಕೆ ಆಡಿಸಿ, ಮತ್ತೆ ಬೆಸುಗೆ ಹಾಕುತ್ತಿದ್ದರು. ಅಂಬಾಸಿಡರ್, ಫಿಯಟ್ ಕಾರುಗಳ ಕಾಲದಲ್ಲಿ ಈ ಕಸುಬು ಬಲ್ಲವರು ನಮ್ಮ ಊರುಗಳಲ್ಲಿ ಬೇಕಾದಷ್ಟಿದ್ದರು. ಈಗಿನ ಅಲ್ಯೂಮಿನಿಯಂ ಮೈಗೆ ಪ್ಲಾಸ್ಟಿಕ್ ತೊಟ್ಟಿಯನ್ನು ರಬ್ಬರ್ ಪಟ್ಟಿಯಿಟ್ಟು ಮಡಚಿ ಬಿಗಿದಿರುವುದರಿಂದ ಆ ಬೆಸುಗೆ ಇಲ್ಲಿ ನಡೆಯದು. ವರ್ಷಾನುಗಟ್ಟಲೆ ಕಾದು ಆರಿದ ಪ್ಲಾಸ್ಟಿಕ್ ಬಿರುಕುಬಿಟ್ಟರೆ ಅಂಟು ಹಚ್ಚುವುದು ಮನೆ ಸೇರುವಷ್ಟು ಮಟ್ಟಿಗೆ ಮಾತ್ರ. ಬದಲಾಯಿಸುವುದೇ ಸರಿಯಾದ ದಾರಿ. ಸೋರಿಕೆ ನಿಲ್ಲಿಸುವ ಪುಡಿಗಳು ರಂಧ್ರವನ್ನು ಮುಚ್ಚುವುದರ ಜೊತೆಗೆ ಸಣ್ಣ ಕೊಳವೆಗಳನ್ನೂ ಮುಚ್ಚಿಬಿಡಬಹುದು.

ತುಂಬುವ ದ್ರವವೂ ಬರಿಯ ನೀರಲ್ಲ. ಎಥಿಲೀನ್ ಗ್ಲೈಕಾಲ್ ಮತ್ತು ತುಕ್ಕು ತಡೆಯುವ ರಾಸಾಯನಿಕಗಳಿರುವ ಕೂಲೆಂಟನ್ನು ಸಾಮಾನ್ಯವಾಗಿ ಸಮಪಾಲು ನೀರಿನಲ್ಲಿ ಬೆರೆಸುತ್ತಾರೆ. ಹಾಗೆ ಬೆರೆಸಿದ್ದು ಶೂನ್ಯಕ್ಕಿಂತ ಸುಮಾರು 37 ಡಿಗ್ರಿ ಕೆಳಗಿನವರೆಗೂ ಹೆಪ್ಪುಗಟ್ಟದು. ಅಂಥ ಹಿಮ ನಮ್ಮಲ್ಲಿಲ್ಲವೆಂದು ಕೂಲೆಂಟನ್ನು ಬಿಡುವುದು ತಪ್ಪು; ಅಲ್ಯೂಮಿನಿಯಂ ಸವೆಯದಂತೆ ಕಾಪಾಡುವುದೂ ಅದೇ. ಕೊಳವೆಬಾವಿಯ ಗಡಸು ನೀರು ಕುಡಿನೀರಿನ ಪಾತ್ರೆಯಲ್ಲಿ ಬಿಳಿಯ ಪದರ ಕಟ್ಟುವಂತೆ ರೇಡಿಯೇಟರಿನಲ್ಲೂ ಕಟ್ಟುತ್ತದೆ. ಆದುದರಿಂದ ಭಟ್ಟಿಯಿಳಿಸಿದ ನೀರೇ ಬೇಕು. ಬಣ್ಣ ಒಂದೇ ಎಂದು ಎರಡು ಬಗೆಯ ಕೂಲೆಂಟನ್ನು ಬೆರೆಸಬಾರದು. ಕಾರಿನ ಕೈಪಿಡಿಯಲ್ಲಿ ಹೇಳಿದ ಬಗೆಯನ್ನೇ ಹಾಕಬೇಕು. ಈ ದ್ರವ ವಿಷ; ಆದರೆ ರುಚಿ ಸಿಹಿ. ಮಕ್ಕಳಿಗೂ ನಾಯಿಗಳಿಗೂ ಸಿಗದಂತೆ ಇಡುವುದು, ಚರಂಡಿಗೆ ಚೆಲ್ಲದಿರುವುದು ಮನೆಯವರ ಕರ್ತವ್ಯ.

ತುಂಬುವಾಗ ಒಳಗೆ ಗಾಳಿ ಸಿಕ್ಕಿಕೊಂಡರೆ, ಹೊಸ ಭಾಗಗಳಿದ್ದರೂ ಎಂಜಿನ್ನು ಕಾಯುತ್ತದೆ. ಕೆಲವು ಕಾರುಗಳಲ್ಲಿ ಗಾಳಿ ಬಿಡುವ ತಿರುಪು ಇರುತ್ತದೆ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಗುಳ್ಳೆಯಿಲ್ಲದೆ ದ್ರವ ಹರಿಯುವವರೆಗೆ ಮೆಲ್ಲನೆ ತುಂಬಬೇಕು. ರಿಪೇರಿಯಾದ ಮರುದಿನವೇ ಮತ್ತೆ ಕಾದರೆ, ಹಾಕಿದ ಭಾಗವನ್ನು ದೂಷಿಸುವ ಮೊದಲು ಇದನ್ನು ವಿಚಾರಿಸಿ.

ದಾರಿಯಲ್ಲಿ ಮುಳ್ಳು ಏರತೊಡಗಿದರೆ ಹವಾನಿಯಂತ್ರಣ ನಿಲ್ಲಿಸಿ, ಹೀಟರನ್ನು ಪೂರ್ತಿ ಹಾಕಿ, ಸುರಕ್ಷಿತವಾದ ಕಡೆ ಗಾಡಿ ನಿಲ್ಲಿಸಿ. ಸೆಕೆಯಾದರೂ ಎಂಜಿನ್ನಿನ ಶಾಖದ ಒಂದು ಪಾಲು ಅತ್ತ ಹರಿಯುತ್ತದೆ. ಆವಿ ಕಂಡರೆ, ಕೆಂಪು ದೀಪ ಹತ್ತಿದರೆ, ಎಂಜಿನ್ನನ್ನೇ ನಿಲ್ಲಿಸಿಬಿಡಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿಯಬೇಡಿ. ಲೋಹ ಸೀಳುವ ಅಪಾಯವಿದೆ. "ಇನ್ನು ಎರಡೇ ಮೈಲಿ, ಹೇಗೋ ಹೋಗಿಬಿಡೋಣ" ಎಂಬ ಯೋಚನೆ ಎಷ್ಟೋ ಎಂಜಿನ್ನುಗಳನ್ನು ಹಾಳುಮಾಡಿದೆ. ಅರ್ಧ ಗಂಟೆ ಕಾದು, ಕಂಡದ್ದನ್ನು ಒಂದು ಕಾಗದದಲ್ಲಿ ಗುರುತು ಹಾಕಿಕೊಳ್ಳಿ: ನಿಂತಾಗಲೋ ಏರಿನಲ್ಲೋ, ಫ್ಯಾನು ತಿರುಗುತ್ತಿತ್ತೋ ಇಲ್ಲವೋ, ನೀರು ಎಷ್ಟಿತ್ತು, ಕಲೆ ಎಲ್ಲಿತ್ತು. ಆ ಕಾಗದವನ್ನು ಮೆಕ್ಯಾನಿಕ್ಕಿನ ಕೈಗೆ ಕೊಟ್ಟರೆ, ಬೇಡದ ಭಾಗವೊಂದರ ಬೆಲೆ ನಿಮಗೆ ಉಳಿಯುವ ಸಂಭವವೇ ಹೆಚ್ಚು.