ಬಾಗಿದ ಬಲ್ಲಾಳ, ಉಳಿದ ರಾಜ್ಯ

ಹೊಳೆನರಸೀಪುರದ ಹೈಸ್ಕೂಲಿನಲ್ಲಿ ನಾನು ಇತಿಹಾಸ ಮೇಷ್ಟ್ರಾಗಿದ್ದಾಗ, ಹೊಯ್ಸಳ ಅರಸ ಮೂರನೇ ಬಲ್ಲಾಳನ ಪಾಠ ಬಂದರೆ ಹುಡುಗರದ್ದು ಒಂದೇ ಪ್ರಶ್ನೆ: "ಸಾರ್, ಅವನು ಯಾಕೆ ಕಾದಾಡದೆ ಶರಣಾದ?" 1311ರಲ್ಲಿ ದೆಹಲಿಯ ದಂಡನಾಯಕ ಮಲಿಕ್ ಕಾಫರ್ ದೋರಸಮುದ್ರವನ್ನು, ಅಂದರೆ ನಮ್ಮ ಹಳೇಬೀಡನ್ನು, ಮುತ್ತಿದಾಗ ಬಲ್ಲಾಳ ಆನೆ, ಕುದುರೆ, ಭಂಡಾರ ಒಪ್ಪಿಸಿ ಸಂಧಿ ಮಾಡಿಕೊಂಡ. ಅದನ್ನು ಹೇಡಿತನ ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ.

ಅವನ ಕೈಗೆ ಬಂದದ್ದೇ ಸೋತು ಸಣ್ಣಗಾದ ಮನೆ. ತಾತ ಸೋಮೇಶ್ವರ ಹೆಚ್ಚಿನ ಕಾಲ ಶ್ರೀರಂಗದ ಹತ್ತಿರದ ಕಣ್ಣನೂರಿನಲ್ಲೇ ಇದ್ದು, 1254ರ ಹೊತ್ತಿಗೆ ರಾಜ್ಯವನ್ನು ಇಬ್ಬರು ಮಕ್ಕಳಿಗೆ ಹಂಚಿಬಿಟ್ಟಿದ್ದ. ನರಸಿಂಹನಿಗೆ ದೋರಸಮುದ್ರ, ರಾಮನಾಥನಿಗೆ ತಮಿಳು ಸೀಮೆ. ದಾಯಾದಿಗಳ ಜಗಳದ ನಡುವೆಯೇ 1276ರಲ್ಲಿ ದೇವಗಿರಿಯ ಸೇವುಣರು ರಾಜಧಾನಿಯ ಬಾಗಿಲಿಗೆ ಬಂದರು. ನರಸಿಂಹ ಅವರನ್ನು ಬೆಳವಾಡಿಯಲ್ಲಿ ಸೋಲಿಸಿ ಅಟ್ಟಿದ. ಸೋಮೇಶ್ವರ ದೂರವಿದ್ದಾಗಲೂ ನಾಡಿನ ಕೆಲಸ ನಿಂತಿರಲಿಲ್ಲ ಅನ್ನುವುದನ್ನು ನೋಡಬೇಕಾದರೆ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಹೋಗಬೇಕು. ಅಲ್ಲಿನ ಲಕ್ಷ್ಮೀನರಸಿಂಹ ಗುಡಿಯನ್ನು 1246ರಲ್ಲಿ ಕಟ್ಟಿಸಿದವನು ಅರಸನಲ್ಲ, ಬೊಮ್ಮಣ್ಣ ದಂಡನಾಯಕ. ವಿಗ್ರಹಗಳ ಕೆಳಗೆ ಬೈಚೋಜ, ಮಲ್ಲಿತಮ್ಮರ ಹೆಸರು ಇವತ್ತಿಗೂ ಓದಬಹುದು. ಹಾಸನದ ಪಕ್ಕದ ಕೋರವಂಗಲದ ಬೂಚೇಶ್ವರ ಗುಡಿಯೂ ಬೂಚಿರಾಜನೆಂಬ ಅಧಿಕಾರಿಯದ್ದೇ. ಕೆರೆ, ಗದ್ದೆ, ಅಗ್ರಹಾರ, ಬಸದಿ ಇವೆಲ್ಲ ಇಂಥವರ ಕೈಯಲ್ಲಿದ್ದವು. ರಾಜಧಾನಿ ಸುಟ್ಟರೂ ರಾಜ್ಯ ಸುಡದಿದ್ದದ್ದು ಇದರಿಂದ ಎಂದು ನಾನು ನಂಬಿದ್ದೇನೆ.

1292ರಲ್ಲಿ ಪಟ್ಟಕ್ಕೆ ಬಂದ ಬಲ್ಲಾಳ, ಹತ್ತು ಹನ್ನೆರಡು ವರ್ಷಗಳಲ್ಲಿ ಒಡೆದ ಎರಡು ಪಾಲನ್ನೂ ಮತ್ತೆ ಒಂದು ಮಾಡಿದ. ಮಲಿಕ್ ಕಾಫರ್ ಬಂದಾಗ ಅವನು ಪಾಂಡ್ಯರ ಅಣ್ಣತಮ್ಮಂದಿರ ಜಗಳದಲ್ಲಿ ಪಾಲು ಹುಡುಕಿ ದಕ್ಷಿಣಕ್ಕೆ ಹೋಗಿದ್ದ. ದುಡುಕಿ ಹೋದದ್ದು ಅವನ ತಪ್ಪೇ. ಓಡೋಡಿ ಹಿಂದಿರುಗಿದಾಗ ಲೆಕ್ಕ ಸ್ಪಷ್ಟವಿತ್ತು: ದೇವಗಿರಿ ಆಗಲೇ ದೆಹಲಿಗೆ ತಲೆಬಾಗಿತ್ತು, ಹಿಂದಿನ ವರ್ಷ ವಾರಂಗಲ್ಲೂ ಮಣಿದಿತ್ತು. ಅವನು ಬಾಗಿದ. ಮಗ ವಿರೂಪಾಕ್ಷನನ್ನು ದೆಹಲಿಗೆ ಕಳಿಸಬೇಕಾಯಿತು. ಹುಡುಗ 1313ರಲ್ಲಿ ಊರಿಗೆ ಬಂದ. ಮಗನ ದಾರಿ ಕಾದ ಆ ದಿನಗಳು ಹೇಗಿದ್ದಾವು!

ಮುಂದೇನಾಯಿತು ನೋಡಿ. 1318ರ ಹೊತ್ತಿಗೆ ದೇವಗಿರಿ ಮುಗಿಯಿತು, 1323ರಲ್ಲಿ ವಾರಂಗಲ್, 1327ರಲ್ಲಿ ಕಂಪಿಲಿ. ಆ ಸುಮಾರಿಗೇ ದೆಹಲಿಯ ತುಘಲಕನ ಸೈನ್ಯ ದೋರಸಮುದ್ರವನ್ನು ಮತ್ತೊಮ್ಮೆ ಹಾಳು ಮಾಡಿತು. ಬಲ್ಲಾಳ ತಿರುವಣ್ಣಾಮಲೆಯಿಂದ ಆಳಿದ. ನೆಲೆ ಬದಲಾಯಿತು, ಹೊಯ್ಸಳರ ಹೆಸರಿನ ಶಾಸನಗಳು ಮಾತ್ರ ನಿಲ್ಲಲಿಲ್ಲ. ನುಗ್ಗೇಹಳ್ಳಿಯಂಥ ದೊಡ್ಡ ಗುಡಿಯನ್ನು ಅವನ ಕಾಲದ್ದೆಂದು ನಮ್ಮ ಜಿಲ್ಲೆಯಲ್ಲಿ ನಾನು ಕಂಡಿಲ್ಲ. ಬಂದ ಹಣವೆಲ್ಲ ದಂಡಿಗೇ ಹೋಗಿರಬೇಕು.

ಇನ್ನು ಹುಡುಗರ ಪ್ರಶ್ನೆಗೆ ಬರುತ್ತೇನೆ. ಅದೇ ಬಲ್ಲಾಳ ಎಂಬತ್ತರ ಆಸುಪಾಸಿನ ಮುದುಕನಾಗಿ ಮಧುರೆಯ ಸುಲ್ತಾನನ ವಿರುದ್ಧ ಕಣ್ಣನೂರಿನಲ್ಲಿ ಮುತ್ತಿಗೆ ಹಾಕಿದ. ಗೆಲುವು ಕೈಗೆ ಬಂದಿತ್ತು, ಒಪ್ಪಂದದ ಮಾತುಕತೆಯೂ ನಡೆದಿತ್ತು. ದಂಡು ಎಚ್ಚರ ತಪ್ಪಿದ್ದಾಗ ಸುಲ್ತಾನ ಮೇಲೆರಗಿದ. ಬಲ್ಲಾಳನನ್ನು ಕೊಂದು, ಚರ್ಮಕ್ಕೆ ಹುಲ್ಲು ತುಂಬಿ ಮಧುರೆಯ ಗೋಡೆಗೆ ನೇತುಹಾಕಿದ್ದನ್ನು ಪ್ರವಾಸಿ ಇಬ್ನ್ ಬತೂತ ಬರೆದಿದ್ದಾನೆ. ಇದು 1342–43ರ ಮಾತು. ಈ ಮನುಷ್ಯನನ್ನು ಹೇಡಿ ಅನ್ನುವುದು ಹೇಗೆ?

1346ರ ಹೊತ್ತಿಗೆ ಹೊಯ್ಸಳ ನಾಡು ವಿಜಯನಗರದ ಹರಿಹರನ ಕೈಗೆ ಹೋಯಿತು. ಅರಸು ಬದಲಾದರೂ ನಾಡಿನ ಬಸದಿಗಳ ಬದುಕು ನಿಲ್ಲಲಿಲ್ಲ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಂದಾಗ ಹರಿಹರನ ತಮ್ಮ ಬುಕ್ಕರಾಯ ಇಬ್ಬರನ್ನೂ ಕೂರಿಸಿ ತೀರ್ಪು ಕೊಟ್ಟ. ಅದರ ಶಾಸನ ಶ್ರವಣಬೆಳಗೊಳದಲ್ಲೇ ಇದೆ. ಜೈನರ ಮನೆಮನೆಯಿಂದ ಹಣ ಎತ್ತಿ ಬೆಳಗೊಳದ ದೇವರಿಗೆ ಕಾವಲು ಇಡಬೇಕು, ಮಿಕ್ಕಿದ್ದರಲ್ಲಿ ಜೀರ್ಣವಾದ ಬಸದಿಗಳಿಗೆ ಸುಣ್ಣ ಬಳಿಸಬೇಕು ಎಂದು ಅದರಲ್ಲಿ ಬರೆಸಿದ್ದಾರೆ.